ಪುಕ್ಕಟೆ ಬೇರೆ, ಸ್ವತಂತ್ರ ಬೇರೆ

ಮಧುಗಿರಿ ಬಸ್ ಸ್ಟ್ಯಾಂಡಿನ ಆಸುಪಾಸಿನ ಕಂಪ್ಯೂಟರ್ ಅಂಗಡಿಗೆ ಹೋಗಿ "ಫ್ರೀ ಸಾಫ್ಟ್‌ವೇರ್ ಇದೆಯಾ?" ಅಂತ ಕೇಳಿದ್ರೆ ಅಂಗಡಿ ಹುಡುಗ ನಕ್ಕುಬಿಡ್ತಾನೆ. "ಎಲ್ಲಾ ಫ್ರೀನೇ ಅಣ್ಣ, ಹಾಕಿಕೊಡೋಕೆ ಮಾತ್ರ ಮುನ್ನೂರು ರೂಪಾಯಿ" ಅಂತಾನೆ. ಅವನು ಹೇಳೋದ್ರಲ್ಲಿ ಸುಳ್ಳೇನಿಲ್ಲ. ನಮ್ಮ ಕಡೆ ತಂತ್ರಾಂಶಕ್ಕೆ ಅಂತ ದುಡ್ಡು ಕೊಟ್ಟವರನ್ನ ನಾನಂತೂ ಹೆಚ್ಚು ನೋಡಿಲ್ಲ. ಆಪರೇಟಿಂಗ್ ಸಿಸ್ಟಮ್ಮಿಂದ ಹಿಡಿದು ಫ್ಲೆಕ್ಸ್ ಬ್ಯಾನರ್ ಮಾಡೋ ಫೋಟೋಶಾಪ್‌ವರೆಗೆ ಎಲ್ಲಾ ಒಂದೇ ಪೆನ್‌ಡ್ರೈವಿನಿಂದ ಇಳಿದು ಬಂದಿದ್ದು :)

ಹಾಗಾಗಿ ಬೆಂಗಳೂರಿನಿಂದ ಬಂದು ಸ್ವತಂತ್ರ ತಂತ್ರಾಂಶದ ಬಗ್ಗೆ ಭಾಷಣ ಮಾಡೋರು "ಲೈಸೆನ್ಸ್ ದುಡ್ಡು ಉಳಿಯುತ್ತೆ" ಅಂತ ಶುರು ಮಾಡಿದ್ರೆ ಅದು ಇಲ್ಲಿ ಯಾರಿಗೂ ನಾಟಲ್ಲ. ಕೊಡದೇ ಇರೋ ದುಡ್ಡು ಉಳಿಯೋದು ಹೇಗೆ? ಹಾಗಾದ್ರೆ ಅಮೆರಿಕದಲ್ಲಿ ಒಂದು ಸಂಸ್ಥೆ ನಲವತ್ತು ವರ್ಷದಿಂದ ಇದಕ್ಕೋಸ್ಕರ ಗಂಟಲು ಹರಿದುಕೊಳ್ತಾ ಇರೋದು ಯಾಕೆ? ಅದಕ್ಕೂ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೂ ಏನು ಸಂಬಂಧ? ಈ ಪ್ರಶ್ನೆ ನನ್ನ ತಲೇಲಿ ಬಹಳ ದಿನದಿಂದ ಕೊರೀತಾ ಇತ್ತು. ಇವತ್ತು ಕೂತು ಬರೆದೇ ಬಿಡೋಣ ಅಂತ.

ಮೊದಲು ಈ ನಾಲ್ಕೇ ತಾಲ್ಲೂಕು ಯಾಕೆ ಅಂತ ಹೇಳಿಬಿಡ್ತೀನಿ. ಕಂದಾಯದ ಲೆಕ್ಕಕ್ಕೆ ನಾವು ತುಮಕೂರು ಜಿಲ್ಲೆ. ಆದ್ರೆ ಶಿಕ್ಷಣ ಇಲಾಖೆ ಲೆಕ್ಕಕ್ಕೆ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪೇಪರಿನಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಸಾಲಿನಲ್ಲಿ ಇರೋದನ್ನ ನೀವೂ ನೋಡಿರ್ತೀರಿ. ಮಳೆ ಕಡಿಮೆ, ಬೋರ್‌ವೆಲ್ ಜಾಸ್ತಿ, ಪಾವಗಡದ ಕಡೆ ನೀರಲ್ಲಿ ಫ್ಲೋರೈಡು, ಮನೇಲಿ ತೆಲುಗು ಶಾಲೇಲಿ ಕನ್ನಡ. ಇಂಥಾ ಕಡೆ ಸರ್ಕಾರಿ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬು ಅಂದ್ರೆ ಅದು ಬಹಳ ಮಕ್ಕಳ ಪಾಲಿಗೆ ಕೀಬೋರ್ಡು ಮುಟ್ಟೋ ಮೊದಲ ಜಾಗ. ಅದಕ್ಕೇ ನನಗೆ ಈ ವಿಷಯ ಬರೀ ಕಂಪ್ಯೂಟರಿನೋರ ತಕರಾರು ಅನ್ನಿಸಲ್ಲ.

ಈಗ ಆ ಸಂಸ್ಥೆ ಕಥೆ. 1980ರ ಆಸುಪಾಸು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂತು. ಪ್ರಿಂಟರ್ ಚೆನ್ನಾಗೇ ಇತ್ತು, ಆದ್ರೆ ಆಗಾಗ ಕಾಗದ ಸಿಕ್ಕಿಹಾಕಿಕೊಳ್ತಿತ್ತು. ಹಳೇ ಪ್ರಿಂಟರಿನಲ್ಲೂ ಇದೇ ರಗಳೆ ಇದ್ದಾಗ ರಿಚರ್ಡ್ ಸ್ಟಾಲ್ಮನ್ ಅನ್ನೋ ಪ್ರೋಗ್ರಾಮರ್ ಅದರ ತಂತ್ರಾಂಶಕ್ಕೆ ಒಂದಷ್ಟು ಸಾಲು ಸೇರಿಸಿದ್ದ. ಕಾಗದ ಸಿಕ್ಕಿಕೊಂಡ ತಕ್ಷಣ ಪ್ರಿಂಟಿಗಾಗಿ ಕಾಯ್ತಾ ಇದ್ದೋರ ಪರದೆ ಮೇಲೆ ಸಂದೇಶ ಬರ್ತಿತ್ತು, ಯಾರಾದ್ರೂ ಎದ್ದು ಹೋಗಿ ಬಿಡಿಸ್ತಿದ್ರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣ ಅಂದ್ರೆ ಅದರ ತಂತ್ರಾಂಶದ ಮೂಲ ಬರಹವೇ ಕೊಟ್ಟಿರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದ ಒಬ್ಬರ ಹತ್ರ ಇದೆ ಅಂತ ಗೊತ್ತಾಗಿ ಹೋಗಿ ಕೇಳಿದ್ರೆ, "ಕೊಡಲ್ಲ ಅಂತ ಸಹಿ ಹಾಕಿಕೊಟ್ಟಿದ್ದೀನಿ" ಅಂದರಂತೆ.

ಅಷ್ಟೇ ಕಥೆ. ನಿಮಗೂ ನನಗೂ ಆಗಿದ್ರೆ ಬೈಕೊಂಡು ಸುಮ್ಮನಾಗ್ತಿದ್ವಿ. ಈ ಪುಣ್ಯಾತ್ಮ ಸುಮ್ಮನಾಗಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆ ಘೋಷಿಸಿದ, 1985ರ ಅಕ್ಟೋಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆ ಕಟ್ಟಿದ. 1989ರಲ್ಲಿ ಜಿಪಿಎಲ್ ಅನ್ನೋ ಪರವಾನಗಿ ಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಮರುವರ್ಷ ಅದೇ ಪರವಾನಗಿಗೆ ಬಂದು ಸೇರಿಕೊಳ್ತು. ನಮ್ಮ ದೇಶದಲ್ಲಿ 2001ರ ಜುಲೈನಲ್ಲಿ ತಿರುವನಂತಪುರದಲ್ಲಿ ಎಫ್‌ಎಸ್‌ಎಫ್ ಇಂಡಿಯಾ ಶುರುವಾಯ್ತು. ಕರ್ನಾಟಕದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಅಂತ ಒಂದು ಸಂಘಟನೆ ಇದೆ. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಒಂದು ಪುಟ್ಟ ಕಂಪ್ಯೂಟರ್ ಕೇಂದ್ರದಲ್ಲಿ ಮಕ್ಕಳು ಹಳೇ ಕಂಪ್ಯೂಟರುಗಳ ಮೇಲೆ ಗಿಂಪ್ ಇಟ್ಕೊಂಡು ಚಿತ್ರ ಬಿಡಿಸೋ ಹಾಗಾಗಿದ್ದು ಇದೇ ಗೆಳೆಯರ ಬಳಗದಿಂದ.

ಇಂಗ್ಲಿಷಿನಲ್ಲಿ ಅವರಿಗೆ ಒಂದು ದೊಡ್ಡ ಕಷ್ಟ ಇದೆ. ಫ್ರೀ ಅಂದ್ರೆ ಪುಕ್ಕಟೆಯೂ ಹೌದು, ಸ್ವತಂತ್ರವೂ ಹೌದು. ಹೋದಲ್ಲೆಲ್ಲಾ "ನಾವು ಹೇಳೋದು ಬೆಲೆ ವಿಚಾರ ಅಲ್ಲ" ಅಂತ ವಿವರಿಸಬೇಕು. ನಮಗೆ ಆ ಕಷ್ಟವೇ ಇಲ್ಲ ನೋಡಿ! ಪುಕ್ಕಟೆ, ಬಿಟ್ಟಿ, ಉಚಿತ, ಧರ್ಮಕ್ಕೆ... ಇವೆಲ್ಲಾ ಒಂದು ಗುಂಪು. ಸ್ವತಂತ್ರ, ಮುಕ್ತ ಇನ್ನೊಂದು ಗುಂಪು. ಸ್ಟಾಲ್ಮನ್ ಕೂಡಾ ಭಾರತಕ್ಕೆ ಬಂದಾಗೆಲ್ಲ "ಸ್ವತಂತ್ರ", "ಮುಕ್ತ" ಅನ್ನೋ ಪದಗಳನ್ನೇ ಬಳಸಿ ಅಂತ ಹೇಳ್ತಿದ್ದರು. ಆ ಸಂಸ್ಥೆಯೇ ಶುರುವಿನಲ್ಲಿ ತನ್ನ ತಂತ್ರಾಂಶವನ್ನ ಟೇಪಿನಲ್ಲಿ ತುಂಬಿ ಮಾರಿ ದುಡ್ಡು ಮಾಡ್ಕೊಂಡಿತ್ತು. ಮಾರಬಾರದು ಅಂತ ಎಲ್ಲೂ ಇಲ್ಲ. ಕೊಂಡವನ ಕೈ ಕಟ್ಟಬಾರದು, ಅಷ್ಟೆ.

*

ಶಿರಾ ತಾಲ್ಲೂಕಿನಲ್ಲಿರೋ ನಮ್ಮ ದೊಡ್ಡಪ್ಪನಿಗೆ ಇದನ್ನ ಒಂದು ಸಲ ವಿವರಿಸೋ ಪ್ರಸಂಗ ಬಂತು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಕಡ್ಲೆಕಾಯಿ ಬೆಳೆಗಾರರು. ನಾನು ನಾಲ್ಕು ಸ್ವಾತಂತ್ರ್ಯ ಹೇಳ್ತಾ ಹೋದೆ: ಹೇಗೆ ಬೇಕಾದ್ರೂ ಬಳಸೋದು, ಒಳಗೆ ಹೇಗಿದೆ ಅಂತ ನೋಡಿ ತಿದ್ದಿಕೊಳ್ಳೋದು, ಇನ್ನೊಬ್ಬರಿಗೆ ಪ್ರತಿ ಕೊಡೋದು, ತಿದ್ದಿದ್ದನ್ನೂ ಹಂಚೋದು. ದೊಡ್ಡಪ್ಪ ಎಲ್ಲಾ ಕೇಳಿ, "ಅದ್ರಾಗೇನು ಐತೋ? ಬಿತ್ತನೆ ಬೀಜ ಇದ್ದಂಗೆ ತಾನೆ" ಅಂದ್ರು.

ಹೌದಲ್ಲ! ಈ ಸೀಮೇಲಿ ಟಿಎಂವಿ-2 ಅನ್ನೋ ಹಳೇ ಕಡ್ಲೆಕಾಯಿ ತಳಿ ದಶಕಗಟ್ಟಲೆ ಓಡಿದ್ದು ಹಾಗೇ. ನಮ್ಮ ಹೊಲದ ಕಾಯಲ್ಲಿ ಒಳ್ಳೇದನ್ನ ಆರಿಸಿ ಎತ್ತಿಡೋದು, ಮಳೆ ಬಂದಾಗ ಸುಲಿದು ಬಿತ್ತೋದು, ಇಲ್ಲದವರಿಗೆ ಕೊಡೋದು. ಒಂದು ಬಳ್ಳ ರಾಗಿ ಬೀಜ ತಂದವನು ಸುಗ್ಗಿ ಆದಮೇಲೆ ಒಂದೂಕಾಲು ಬಳ್ಳ ವಾಪಸ್ ಅಳೆದು ಕೊಡೋದು. ಬೀಜ ಕೊಟ್ಟೋನು "ಇದನ್ನ ಮೂಡಲ ಹೊಲಕ್ಕೆ ಮಾತ್ರ ಬಿತ್ತು, ಪಡುವಲ ಹೊಲಕ್ಕೆ ಬಿತ್ತಿದ್ರೆ ಇನ್ನೊಂದು ಬಳ್ಳದ ದುಡ್ಡು ಕೊಡು" ಅಂದ್ರೆ ಊರವರು ಏನಂತಾರೆ? ತಂತ್ರಾಂಶದ ಲೈಸೆನ್ಸು ಹೇಳೋದು ಹೆಚ್ಚುಕಮ್ಮಿ ಅದನ್ನೇ.

ಮೂಲ ಬರಹ ಇಲ್ಲದ ತಂತ್ರಾಂಶ ಹೈಬ್ರಿಡ್ ಮೆಕ್ಕೆಜೋಳದ ಹಾಗೆ. ಈ ವರ್ಷ ಬೆಳೆ ಬಂಪರ್. ಅದೇ ಕಾಳು ಎತ್ತಿಟ್ಟು ಮುಂದಿನ ವರ್ಷ ಬಿತ್ತಿದ್ರೆ ಅದೇ ಬೆಳೆ ಬರಲ್ಲ. ಮತ್ತೆ ಅಂಗಡಿಗೇ ಹೋಗಬೇಕು. ಕಳ್ಳ ಪ್ರತಿ ಹಾಕಿಸಿಕೊಂಡೋನ ಗತಿಯೂ ಇಷ್ಟೇ. ದುಡ್ಡು ಉಳೀತು ನಿಜ, ಬೀಜ ಮಾತ್ರ ಕೈಗೆ ಬರಲಿಲ್ಲ.

ಇನ್ನೊಂದು ವಿಚಾರ ಆಮೇಲೆ ಹೊಳೀತು. ಎಫ್‌ಎಸ್‌ಎಫ್ ಇಂಡಿಯಾ ಹುಟ್ಟಿದ ಅದೇ 2001ರಲ್ಲಿ ನಮ್ಮ ಪಾರ್ಲಿಮೆಂಟು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಅದರ 39ನೇ ಸೆಕ್ಷನ್ ಪ್ರಕಾರ ರೈತ ತಾನು ಬೆಳೆದದ್ದರಲ್ಲಿ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನ ಬ್ರ್ಯಾಂಡ್ ಹಾಕಿ ಮಾರೋ ಹಾಗಿಲ್ಲ, ಅಷ್ಟೆ. ಅಂದ್ರೆ ಬೀಜದ ವಿಷಯದಲ್ಲಿ ಇದು ರೈತನ ಹಕ್ಕು ಅಂತ ಈ ದೇಶ ಕಾನೂನಿನಲ್ಲೇ ಒಪ್ಪಿದೆ. ತಂತ್ರಾಂಶದಲ್ಲಿ ಅಂಥ ಕಾನೂನು ಇಲ್ಲ. ಇರೋ ಕಾಪಿರೈಟ್ ಕಾನೂನನ್ನೇ ತಿರುಗಿಸಿ ಹಿಡಿದು ಜಿಪಿಎಲ್ ಆ ಕೆಲಸ ಮಾಡುತ್ತೆ. "ಇದು ನನ್ನ ಬರಹ, ನನ್ನ ಷರತ್ತು ಏನಪ್ಪಾ ಅಂದ್ರೆ, ನೀನು ತಗೋ, ತಿದ್ದು, ಹಂಚು. ಆದ್ರೆ ನೀನು ಯಾರಿಗೆ ಕೊಡ್ತೀಯೋ ಅವರಿಗೂ ಇದೇ ಹಕ್ಕು ಕೊಡು." ಇದಕ್ಕೇ ಕಾಪಿಲೆಫ್ಟ್ ಅನ್ನೋದು. ತಂದ ಬೀಜವನ್ನ ಹಗೇವಿಗೆ ಹಾಕಿ ಬಾಯಿ ಮುಚ್ಚಿಕೊಂಡು ಕೂರೋಕೆ ಇಲ್ಲಿ ಅವಕಾಶ ಇಲ್ಲ. ರಾಗಿಗೂ ಇದಕ್ಕೂ ಒಂದೇ ವ್ಯತ್ಯಾಸ... ರಾಗಿ ಕೊಟ್ರೆ ನನ್ನ ಹಗೇವಿನಲ್ಲಿ ಕಮ್ಮಿಯಾಗುತ್ತೆ, ತಂತ್ರಾಂಶ ಎಷ್ಟು ಕೊಟ್ರೂ ಕಮ್ಮಿಯಾಗಲ್ಲ.

*

ಈಗ ಶಾಲೆ ಲ್ಯಾಬಿಗೆ ಬರೋಣ. ಕರ್ನಾಟಕದ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದಿದ್ದು ಬಹುಪಾಲು ಗುತ್ತಿಗೆ ಲೆಕ್ಕದಲ್ಲಿ. ಒಂದು ಕಂಪನಿ ಕಂಪ್ಯೂಟರ್ ತಂದು ಹಾಕುತ್ತೆ, ಹೇಳಿಕೊಡೋಕೆ ತನ್ನದೇ ಒಬ್ಬರನ್ನ ಇಡುತ್ತೆ, ಐದು ವರ್ಷ ನಡೆಸುತ್ತೆ, ಆಮೇಲೆ ಶಾಲೆಗೆ ಒಪ್ಪಿಸಿ ಹೊರಡುತ್ತೆ. ಒಪ್ಪಿಸಿ ಹೋದ ದಿನ ಶಾಲೆ ಕೈಗೆ ಸಿಗೋದು ಐದು ವರ್ಷ ಹಳೇ ಪೆಟ್ಟಿಗೆಗಳು ಮತ್ತು ಒಂದು ಬೀಗದ ಕೈ. ಆ ಐದು ವರ್ಷದಲ್ಲಿ ಗಣಿತದ ಮೇಷ್ಟ್ರಿಗಾಗಲೀ ವಿಜ್ಞಾನದ ಮೇಡಮ್ಮಿಗಾಗಲೀ ಲ್ಯಾಬಿನ ಕೆಲಸ ನಮ್ಮದು ಅನ್ನಿಸಿರೋದೇ ಇಲ್ಲ. ನನ್ನ ಕಣ್ಣಾರೆ ನೋಡಿದ ಒಂದು ಶಾಲೆಯಲ್ಲಿ ಕಂಪ್ಯೂಟರುಗಳಿಗೆ ಹಸಿರು ಬಟ್ಟೆ ಹೊದಿಸಿ, ಧೂಳು ಬೀಳಬಾರದು ಅಂತ ಕಿಟಕಿ ಮುಚ್ಚಿ, ವರ್ಷಕ್ಕೊಂದು ಸಲ ಆಯುಧಪೂಜೆಗೆ ಬಾಗಿಲು ತೆಗೀತಿದ್ರು. ಕುಂಕುಮ ಮಾತ್ರ ಕಾಲಕಾಲಕ್ಕೆ ಬೀಳ್ತಿತ್ತು!

2011ರಲ್ಲಿ ಇದಕ್ಕೆ ಬೇರೆ ದಾರಿ ಹಿಡಿದ ಒಂದು ಪ್ರಯತ್ನ ಶುರುವಾಯ್ತು. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದಡಿ ಶಿಕ್ಷಣ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಅನ್ನೋ ಲಾಭರಹಿತ ಸಂಸ್ಥೆ ಜೊತೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ. ಎಸ್‌ಟಿಎಫ್ ಅಂದ್ರೆ ಮೇಷ್ಟ್ರುಗಳಿಗೆ ತಕ್ಷಣ ಗೊತ್ತಾಗುತ್ತೆ. ಹೊರಗಿನ ಗುತ್ತಿಗೆಯವರ ಬದಲು ಆಯಾ ವಿಷಯದ ಸರ್ಕಾರಿ ಶಿಕ್ಷಕರಿಗೇ ತರಬೇತಿ, ಅದೂ ಉಬುಂಟು ಮೇಲೆ, ಸ್ವತಂತ್ರ ತಂತ್ರಾಂಶ ಇಟ್ಕೊಂಡು. ಗಣಿತಕ್ಕೆ ಜಿಯೋಜೀಬ್ರಾ, ಭೂಗೋಳಕ್ಕೆ ಮಾರ್ಬಲ್, ಆಕಾಶಕ್ಕೆ ಸ್ಟೆಲೇರಿಯಂ. (ಜಿಯೋಜೀಬ್ರಾದ ಇನ್‌ಸ್ಟಾಲರ್ ಪೂರ್ತಿ ಸ್ವತಂತ್ರ ಅಲ್ಲ, ವಾಣಿಜ್ಯ ಬಳಕೆಗೆ ಷರತ್ತು ಇದೆ. ಎಫ್‌ಎಸ್‌ಎಫ್‌ನವರು ನೋಡಿದ್ರೆ ಮುಖ ಸಿಂಡರಿಸ್ತಾರೆ. ಆದ್ರೂ ಮಕ್ಕಳಿಗೆ ಬಹಳ ಉಪಕಾರ ಮಾಡಿದೆ, ಅದನ್ನೂ ಹೇಳಬೇಕು.) 2013ರ ಹೊತ್ತಿಗೆ ಶಿಕ್ಷಕರೇ ಸೇರಿ ತುಂಬಿಸೋ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ತಾಣವೂ ಬಂತು. ವಿಕಿಪೀಡಿಯ ನಡೆಯೋದು ಯಾವ ತಂತ್ರಾಂಶದ ಮೇಲೋ ಅದರ ಮೇಲೇ.

ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳೋ ಗೆಳೆಯ ಒಬ್ಬನಿದ್ದಾನೆ. ತರಬೇತಿಗೆ ಹೋಗೋ ಮುಂಚೆ "ಇದ್ಯಾವುದೋ ಉಬುಂಟು ಅಂತೆ, ನಮಗೆ ಬಂದಿರೋ ವಿಂಡೋಸೇ ಸರಿಯಾಗಿ ಬರಲ್ಲ" ಅಂತ ಗೊಣಗಿಕೊಂಡೇ ಹೋದವನು. ಆಮೇಲೆ ಅವನಿಗೆ ಹಿಡಿಸಿದ್ದು ತಂತ್ರಾಂಶದ ಚಂದ ಅಲ್ಲ. ಅವರು ಕೊಟ್ಟ ಪ್ರತಿಯನ್ನ ಶಾಲೆ ಕಂಪ್ಯೂಟರಿಗೂ ಹಾಕು, ನಿನ್ನ ಮನೆ ಲ್ಯಾಪ್‌ಟಾಪಿಗೂ ಹಾಕು, ಪಕ್ಕದ ಶಾಲೆಯವರು ಕೇಳಿದ್ರೆ ಅವರಿಗೂ ಕೊಡು, ಯಾರ ಹತ್ರಾನೂ ಕೀ ಕೇಳಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ ಅಂದಿದ್ದು. ಜೇಬಲ್ಲಿ ಪೆನ್‌ಡ್ರೈವ್ ಇಟ್ಕೊಂಡು ಬಸ್ಸಲ್ಲಿ ಶಾಲೆಯಿಂದ ಶಾಲೆಗೆ ಹೋಗಿ ಹಾಕಿಕೊಟ್ಟು ಬಂದ. ಕಳ್ಳ ಪ್ರತಿ ಹಾಕೋವಾಗ ಇರೋ ಅಳುಕು ಇದರಲ್ಲಿ ಇರಲಿಲ್ಲ ಅಂತಾನೆ. ಸರ್ಕಾರಿ ನೌಕರ ನೋಡಿ, ಅಳುಕು ಜಾಸ್ತಿ :)

ಅವನು ಹೇಳಿದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕನ್ನಡದಲ್ಲಿರೋ ಮೆನು ನೋಡಿ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳಂತೆ, "ಸಾ, ಕಡತ ಅಂದ್ರೇನು ಸಾ?" ಫೈಲ್ ಅಂದ. "ಹಂಗಾದ್ರೆ ಫೈಲ್ ಅಂತಾನೇ ಬರೀಬೌದಿತ್ತಲ್ಲ ಸಾ. ಯಾರು ಬರ್ದಿದ್ದು?" ಯಾರೋ ನಮ್ಮಂಥೋರೇ ಸ್ವಂತ ಆಸಕ್ತಿಯಿಂದ ಅನುವಾದ ಮಾಡಿದ್ದಾರೆ, ನಿನಗೆ ಬೇಡ ಅನ್ನಿಸಿದ್ರೆ ಹೇಳಬಹುದು, ನೀನೇ ಬದಲಾಯಿಸಲೂಬಹುದು ಅಂತ ಇವನು ವಿವರಿಸಿದ. ಹುಡುಗಿ ನಂಬಲಿಲ್ಲವಂತೆ! ಪರದೆ ಮೇಲೆ ಅಚ್ಚಾಗಿರೋ ಪದವನ್ನ ತಾನು ಬದಲಾಯಿಸಬಹುದು ಅನ್ನೋದು ಅವಳಿಗೆ ಯಾರೂ ಹೇಳದ ವಿಚಾರ. ಅವಳಿಗೇ ಏಕೆ, ನಮ್ಮಲ್ಲೂ ಬಹಳ ಜನಕ್ಕೆ ಯಾರೂ ಹೇಳಿಲ್ಲ.

ಇಲ್ಲಿಂದ ಒಂದು ಸಲ ಕಾಸರಗೋಡಿನ ಕಡೆ ನೋಡಿ. ಕೇರಳ 2001ರಲ್ಲಿ ಶುರು ಮಾಡಿದ ಐಟಿ@ಸ್ಕೂಲ್ ಯೋಜನೆ ಆ ದಶಕದೊಳಗೇ ಹೈಸ್ಕೂಲುಗಳನ್ನ ಗ್ನೂ/ಲಿನಕ್ಸಿಗೆ ತಂದುಬಿಡ್ತು. ಈಗ ಅದರ ಹೆಸರು ಕೈಟ್. ಶುರುವಿನಲ್ಲಿ ಒಂದೇ ಕಂಪನಿಯ ತಂತ್ರಾಂಶ ಪಾಠಕ್ಕೆ ಸೇರಿಸಿದಾಗ ತಕರಾರು ತೆಗೆದವರಲ್ಲಿ ಅಲ್ಲಿನ ಶಿಕ್ಷಕರ ಸಂಘಟನೆಯೂ ಇತ್ತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತೆ, ಗಿಂಪ್, ಇಂಕ್‌ಸ್ಕೇಪ್ ಎಲ್ಲಾ ಕನ್ನಡದಲ್ಲೇ ಓದಿ ಕಲೀತಾರೆ. ಕನ್ನಡದ್ದೇ ಸರ್ಕಾರ ಇರೋ ನಮ್ಮಲ್ಲಿ ಯೋಜನೆಗಳ ಹೆಸರು ಬದಲಾಗ್ತಾ ಹೋದವು, ಒಂದು ಯೋಜನೆ ಮುಗಿದು ಇನ್ನೊಂದು ಬರೋದರೊಳಗೆ ಲ್ಯಾಬಿನ ಬಾಗಿಲು ಮತ್ತೆ ಮುಚ್ಚಿರುತ್ತೆ. ಹೊಟ್ಟೆಕಿಚ್ಚಿನಿಂದ ಹೇಳ್ತಾ ಇಲ್ಲ, ಬೇಜಾರಿನಿಂದ ಹೇಳ್ತಾ ಇದ್ದೀನಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಹಳೇ ಯಂತ್ರಗಳು ಅದರ ಷರತ್ತಿಗೆ ಹೊಂದಲ್ಲ. ಅಂದ್ರೆ ಚೆನ್ನಾಗಿ ಓಡ್ತಾ ಇರೋ ಕಂಪ್ಯೂಟರ್ ಕೂಡಾ ಗುಜರಿ ಲೆಕ್ಕ. ಅದೇ ಪೆಟ್ಟಿಗೆಗೆ ಹಗುರವಾದ ಒಂದು ಲಿನಕ್ಸ್ ಹಾಕಿದ್ರೆ ಇನ್ನೂ ಐದಾರು ವರ್ಷ ಮಕ್ಕಳು ಕಲೀಬಹುದು. ನನ್ನ ಗೆಳೆಯನ ಶಾಲೆಯಲ್ಲಿ ಹನ್ನೆರಡು ವರ್ಷದ ಹಳೇ ಯಂತ್ರಗಳು ಇನ್ನೂ ಓಡ್ತಾ ಇವೆ.

*

ಬ್ಲಾಗ್ ಬರೆಯೋ ನಮಗೆಲ್ಲಾ ಗೊತ್ತಿರೋ ಉದಾಹರಣೆ ಒಂದು ಹೇಳ್ತೀನಿ. ಬರಹ ತಂತ್ರಾಂಶ 1998ರಲ್ಲಿ ಬಂದಾಗಿಂದ ನಮ್ಮಲ್ಲಿ ಎಷ್ಟು ಜನ ಅದರಲ್ಲೇ ಕನ್ನಡ ಕುಟ್ಟೋದು ಕಲಿತಿಲ್ಲ! ಶೇಷಾದ್ರಿವಾಸು ಅವರ ಋಣ ದೊಡ್ಡದು. ಆದ್ರೆ ಅದು ಪುಕ್ಕಟೆಯಾಗಿತ್ತೇ ಹೊರತು ಸ್ವತಂತ್ರ ಆಗಿರಲಿಲ್ಲ. ಮೂಲ ಬರಹ ಅವರ ಹತ್ರಾನೇ ಇತ್ತು. ಮುಂದೆ ಅದಕ್ಕೆ ಬೆಲೆ ಇಟ್ಟರು. ಮಾಡಿದವರ ಹಕ್ಕು ಅದು, ತಪ್ಪೇನಿಲ್ಲ. ನಾವು ಮಾತ್ರ ಪುಕ್ಕಟೆಯನ್ನೇ ನಮ್ಮದು ಅಂದ್ಕೊಂಡಿದ್ವಿ.

ಇನ್ನೊಂದು ಕಡೆ ಅರವಿಂದ ವಿ.ಕೆ. ಅವರು ಮಾಡಿದ ಗುಬ್ಬಿ, ನವಿಲು ಅನ್ನೋ ಅಕ್ಷರಶೈಲಿಗಳಿವೆ. ನಮ್ಮ ಗುಬ್ಬಿ ತಾಲ್ಲೂಕಿನ ಹೆಸರಲ್ಲ, ಹಕ್ಕಿ ಹೆಸರು! ನವಿಲು ಕೈಬರಹದ ಥರ ಇದೆ. ಎರಡೂ ಸ್ವತಂತ್ರ. ಹಾಗಾಗಿ ಡೆಬಿಯನ್ ಅನ್ನೋ ಲಿನಕ್ಸ್ ವಿತರಣೆಯಲ್ಲಿ ಅವು ಸೇರಿಕೊಂಡವು, ಜಗತ್ತಿನ ಯಾವ ಮೂಲೆಯಲ್ಲಿ ಕೂತವನೂ ಕೇಳದೇ ಹಾಕಿಕೊಳ್ಳಬಹುದು. ನುಡಿ, ಬರಹದ ಹಳೇ ಕಡತಗಳನ್ನ ಯುನಿಕೋಡಿಗೆ ತರೋ ಪರಿವರ್ತಕವನ್ನೂ ಅವರು ಮುಕ್ತವಾಗಿ ಬಿಟ್ಟರು. ಅದನ್ನ ಬೇರೆಯವರು ತಮ್ಮ ತಮ್ಮ ಕೆಲಸಕ್ಕೆ ಹೊಂದಿಸಿಕೊಂಡರು. ಮಲಯಾಳಿಗಳ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಇಂಡಿಕ್ ಕೀಬೋರ್ಡಿನಲ್ಲಿ ಕನ್ನಡವೂ ಇದೆ. ನೆರೆಮನೆಯೋರು ತೋಡಿದ ಬಾವಿಯಿಂದ ನಮಗೂ ನೀರು. ಓಂಶಿವಪ್ರಕಾಶ್ ಅವರು ಲಿನಕ್ಸಾಯಣದಲ್ಲಿ ಕನ್ನಡದಲ್ಲೇ ಲಿನಕ್ಸ್ ಪಾಠ ಮಾಡಿದ್ದು, ಆಮೇಲೆ ಸಂಚಯದ ಗೆಳೆಯರ ಜೊತೆ ವಚನಗಳನ್ನ ಹುಡುಕೋ ಹಾಗೆ ಮಾಡಿದ್ದು, ಎಲ್ಲಾ ಇದೇ ದಾರಿಯದ್ದು.

ಮೂಲ ಬರಹ ಯಾಕೆ ಬೇಕು, ನಾವೇನು ಪ್ರೋಗ್ರಾಮರುಗಳಾ ಅಂತ ಕೇಳಬಹುದು. ಕೊರಟಗೆರೆ ತಾಲ್ಲೂಕಿನಲ್ಲಿ ನನ್ನ ಚಿಕ್ಕಪ್ಪನ ಮಗ ಊರಿನ ಹಾಲಿನ ಡೈರಿ ಸೆಕ್ರೆಟರಿ. ಹಾಲಿನ ಲೆಕ್ಕಕ್ಕೆ ಅಂತ ಒಬ್ಬರ ಹತ್ರ ತಂತ್ರಾಂಶ ಹಾಕಿಸಿದ್ದರು. ಇದಕ್ಕೆ ಸರಿಯಾಗೇ ದುಡ್ಡು ಕೊಟ್ಟಿದ್ದರು, ಕಳ್ಳ ಪ್ರತಿ ಅಲ್ಲ. ಒಂದು ದಿನ ಸಿಡಿಲಿಗೆ ಕಂಪ್ಯೂಟರ್ ಹೋಯ್ತು. ಹಾರ್ಡ್ ಡಿಸ್ಕ್ ಉಳೀತು, ಆದ್ರೆ ತಂತ್ರಾಂಶ ಆ ಯಂತ್ರಕ್ಕೇ ಕಟ್ಟಿಹಾಕಿದ್ದು. ಮಾಡಿಕೊಟ್ಟವರು ಊರು ಬಿಟ್ಟಿದ್ದರು, ಫೋನು ಸ್ವಿಚಾಫ್. ಕಡತ ಕಣ್ಣೆದುರಿಗೇ ಇದೆ, ತೆರೆಯೋಕಾಗಲ್ಲ. ಯಾರ ಮನೆಯಿಂದ ವರ್ಷಕ್ಕೆ ಎಷ್ಟು ಲೀಟರ್ ಬಂತು ಅಂತ ಗೊತ್ತಾಗದೆ ಬೋನಸ್ ಹಂಚೋ ಹಾಗಿಲ್ಲ. ಕೊನೆಗೆ ಮನೆಮನೆಯಿಂದ ಹಾಲಿನ ಚೀಟಿ, ಪಾಸ್‌ಬುಕ್ ತರಿಸಿ ಮೂರು ವಾರ ರಾತ್ರಿ ಕೂತು ಕೈಲಿ ಲೆಕ್ಕ ಹಾಕಿದ. ಚೀಟಿ ಕಳೆದುಕೊಂಡಿದ್ದ ಒಬ್ಬ ಅಜ್ಜಿ ಹೇಳಿದ್ದನ್ನೇ ನಂಬಿ ಬರಕೊಂಡರು. ಅಜ್ಜಿ ಲೆಕ್ಕ ಸರಿಯಾಗೇ ಇತ್ತು ಅಂತ ಊರೆಲ್ಲಾ ಒಪ್ಪಿತು, ಅದು ಬೇರೆ ಮಾತು.

ಅದೇ ಊರಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋದ್ರೆ ಏನ್ಮಾಡ್ತಾರೆ? ಕೊರಟಗೆರೆಗೆ ಹೊತ್ಕೊಂಡು ಹೋಗ್ತಾರೆ, ರಿವೈಂಡಿಂಗ್ ಮಾಡಿಕೊಡ್ತಾರೆ. ಮೋಟಾರು ಕಂಪನಿ ಇದೆಯೋ ಮುಚ್ಚಿದೆಯೋ ಯಾರಿಗೂ ಬೇಕಿಲ್ಲ. ರೈತನಿಗೆ ವೈಂಡಿಂಗ್ ಬರಲ್ಲ, ನಿಜ. ಆದ್ರೆ ಮೋಟಾರು ಬಿಚ್ಚೋಕೆ ಬರೋ ಹಾಗಿರೋದ್ರಿಂದಲೇ ವೈಂಡಿಂಗ್ ಬಲ್ಲವನೊಬ್ಬ ತಾಲ್ಲೂಕಿನಲ್ಲಿ ಅಂಗಡಿ ಇಟ್ಟಿದ್ದಾನೆ. ತಂತ್ರಾಂಶವೂ ಬಿಚ್ಚೋ ಹಾಗಿದ್ರೆ ತಾಲ್ಲೂಕಿಗೊಬ್ಬ ತಂತ್ರಾಂಶದ ಮೆಕ್ಯಾನಿಕ್ ಹುಟ್ಟಬಹುದು. ಇಂಜಿನಿಯರಿಂಗ್ ಓದಿ ಬೆಂಗಳೂರಿನ ಪೀಜಿಯಲ್ಲಿ ಕೊಳೆಯೋ ನಮ್ಮ ಹುಡುಗರಿಗೆ ಅದೂ ಒಂದು ಕೆಲಸವೇ ಅಲ್ವಾ?

ಪಾವಗಡದ ಸೋಲಾರ್ ಪಾರ್ಕ್ ನೆನಪಾಗುತ್ತೆ. ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳ 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಅದರ ಒಳಿತು ಕೆಡುಕಿನ ಬಗ್ಗೆ ಬೇಕಾದಷ್ಟು ವಾದ ಇದೆ, ಜಮೀನಿಲ್ಲದ ಕೂಲಿಯವರಿಗೆ ಏನೂ ಸಿಗಲಿಲ್ಲ ಅನ್ನೋದು ದೊಡ್ಡ ದೂರು. ಆದ್ರೆ ಪಹಣಿಯಲ್ಲಿ ಹೆಸರು ರೈತನದೇ, ಬಾಡಿಗೆ ಬರೋದು ರೈತನಿಗೆ. ತಂತ್ರಾಂಶದಲ್ಲಿ ನಾವು ಆ ರೈತನ ಜಾಗದಲ್ಲೂ ಇಲ್ಲ. ದುಡ್ಡು ಕೊಟ್ಟವರೂ ನಾವೇ, ಪಹಣಿ ಇಲ್ಲದವರೂ ನಾವೇ.

*

ಇಷ್ಟೆಲ್ಲಾ ಹೇಳಿ ಎಲ್ಲಾ ಸಲೀಸು ಅಂದ್ರೆ ಅದು ಸುಳ್ಳಾಗುತ್ತೆ. ಎಫ್‌ಎಸ್‌ಎಫ್ ಕೂಡಾ ಸಂತರ ಮಠ ಅಲ್ಲ. 2019ರಲ್ಲಿ ಸ್ಟಾಲ್ಮನ್ ಆಡಿದ ಮಾತುಗಳ ಬಗ್ಗೆ ದೊಡ್ಡ ಗಲಾಟೆಯಾಗಿ ಅಧ್ಯಕ್ಷ ಸ್ಥಾನ ಬಿಡಬೇಕಾಯ್ತು. 2021ರಲ್ಲಿ ಆಡಳಿತ ಮಂಡಳಿಗೆ ವಾಪಸ್ ಬಂದಾಗ ಇನ್ನಷ್ಟು ಗಲಾಟೆ. ಬಾಸ್ಟನ್ನಿನ ಕಚೇರಿಯನ್ನ 2024ರಲ್ಲಿ ಮುಚ್ಚಿ ಮನೆಯಿಂದಲೇ ಕೆಲಸ ಮಾಡೋ ಹಾಗೆ ಮಾಡಿಕೊಂಡರು. ಜಗತ್ತಿನ ಬಹಳಷ್ಟು ಸರ್ವರುಗಳು ಲಿನಕ್ಸ್ ಮೇಲೆ ಓಡ್ತಾ ಇರೋ ಕಾಲದಲ್ಲಿ ಆ ಸಂಸ್ಥೆ ಇಷ್ಟು ಚಿಕ್ಕದು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಲಿನಕ್ಸೇ ಇದೆ, ಆದ್ರೆ ಅದರ ಮೇಲೆ ಕೂತಿರೋ ಆ್ಯಪುಗಳಲ್ಲಿ ಎಷ್ಟನ್ನ ನಾವು ಬಿಚ್ಚಿ ನೋಡಬಹುದು? ಇನ್ನು ನಮ್ಮ ಕಡೆ ಕಷ್ಟಗಳೋ... ಪ್ರಿಂಟರ್ ಡ್ರೈವರ್ ಸಿಗಲ್ಲ, ಯಾವುದೋ ಸರ್ಕಾರಿ ಅರ್ಜಿ ಇಂಥಾ ಬ್ರೌಸರಿನಲ್ಲೇ ತೆರೀಬೇಕು ಅನ್ನುತ್ತೆ, ನುಡಿಯಲ್ಲಿ ಬಂದ ಸುತ್ತೋಲೆ ಲಿಬ್ರೆಆಫೀಸಿನಲ್ಲಿ ಕಲಸುಮೇಲೋಗರ. ಕನ್ನಡ ಅನುವಾದ ಮಾಡೋರು ಬೆರಳೆಣಿಕೆ. ಒಬ್ಬರು ಸುಸ್ತಾಗಿ ಬಿಟ್ರೆ ಮುಂದಿನ ಆವೃತ್ತಿಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷು. ಸ್ವಾತಂತ್ರ್ಯ ಇದೆ ಅಂದ ಮಾತ್ರಕ್ಕೆ ಕೆಲಸ ತಾನೇ ಆಗಲ್ಲ. ಬೀಜ ಇದ್ರೂ ಬಿತ್ತೋರು ಬೇಕು.

ನನ್ನ ಗೆಳೆಯನಿಗೆ ಈಗ ವರ್ಗಾವಣೆ ಚಿಂತೆ. ಅವನು ಹೋದಮೇಲೆ ಆ ಲ್ಯಾಬು ಯಾರು ನೋಡ್ಕೊಳ್ತಾರೆ ಅಂತ ಕೇಳಿದೆ. "ಹತ್ತನೇ ಕ್ಲಾಸಿನ ಮೂರು ಜನಕ್ಕೆ ಉಬುಂಟು ಹಾಕೋದು ಕಲಿಸಿದೀನಿ, ಅವರು ಒಂಬತ್ತನೇ ಕ್ಲಾಸಿನವರಿಗೆ ಕಲಿಸ್ತಾವ್ರೆ" ಅಂದ. ಇಲಾಖೆಯ ಯಾವ ಸುತ್ತೋಲೆಯಲ್ಲೂ ಇಲ್ಲದ ವ್ಯವಸ್ಥೆ ಇದು. ಕದ್ದ ಕೀ ಹಾಕೋದನ್ನ ಮೇಷ್ಟ್ರು ಮಕ್ಕಳಿಗೆ ಕಲಿಸೋಕಾಗಲ್ಲ ನೋಡಿ, ಇದನ್ನ ಕಲಿಸಬಹುದು.

ನಿಮ್ಮಲ್ಲಿ ಬಹಳ ಜನ ಬೆಂಗಳೂರಲ್ಲೋ ಅಮೆರಿಕದಲ್ಲೋ ಇದೇ ಕಂಪ್ಯೂಟರ್ ಕೆಲಸದಲ್ಲಿ ಇದ್ದೀರಿ ಅಂತ ಗೊತ್ತು. ಮುಂದಿನ ಸಲ ಊರಿಗೆ ಹೋದಾಗ, ಹಬ್ಬದ ಊಟ ಮುಗಿಸಿ, ನೀವು ಓದಿದ ಸರ್ಕಾರಿ ಶಾಲೆ ಕಡೆ ಒಂದು ಸಲ ಹೋಗಿ ಬನ್ನಿ. ಲ್ಯಾಬಿನ ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿ. ಜೇಬಲ್ಲಿ ಒಂದು ಪೆನ್‌ಡ್ರೈವ್ ಇರಲಿ. ಏನಾಯ್ತು ಅಂತ ಬರೀರಿ, ಓದೋಕೆ ನಾನು ಕಾಯ್ತಾ ಇರ್ತೀನಿ.